ಎರಡು ಕೆಜಿ ಕೋಸು, ಉಣ್ಣುವವರು ಒಬ್ಬರೇ

ಪ್ರಶ್ನೆ: ನನ್ನೂರು ಶಿರಸಿ. ಕೆಲಸದ ಮೇಲೆ ಚಿಂತಾಮಣಿಗೆ ಬಂದು ಒಬ್ಬನೇ ಇದ್ದೇನೆ. ಮನೆ ಓನರ್ ಅವರ ತಾಯಿ ತೋಟದಿಂದ ಬಂದಾಗಲೆಲ್ಲ ಎರಡು ಕೆಜಿ ತೂಗುವ ಎಲೆಕೋಸು, ಮೊಳದುದ್ದ ಸೋರೆಕಾಯಿ ಕೊಡುತ್ತಾರೆ. ಬೇಡ ಎನ್ನಲು ಮನಸ್ಸಾಗದು. ಮೂರು ದಿನ ಒಂದೇ ಪಲ್ಯ ತಿನ್ನುತ್ತೇನೆ, ಉಳಿದದ್ದು ಕೊಳೆಯುತ್ತದೆ. ಏನು ಮಾಡಲಿ?
– ಒಬ್ಬ ಓದುಗ, ಚಿಂತಾಮಣಿ

ಉತ್ತರ: ಬೇಡ ಅನ್ನಬೇಡಿ ತಮ್ಮ. ಬೆಳೆದ ಕೈ ಪ್ರೀತಿಯಿಂದ ಕೊಟ್ಟದ್ದು ಅದು. ನಾನೂ ಕೋಲಾರದಲ್ಲಿ ಒಬ್ಬಳೇ ಇರುವವಳು. ಯಜಮಾನರು ಹೋದ ಮೇಲೆ ಒಂದು ವರ್ಷ ಐದು ಜನಕ್ಕಾಗುವಷ್ಟೇ ಹೆಚ್ಚುತ್ತಿದ್ದೆ. ಕೈಗೆ ಅದೇ ರೂಢಿ. ಎಸೆಯುವಾಗ ಹೊಟ್ಟೆ ಸಂಕಟವಾಗುತ್ತಿತ್ತು.

ಮೊದಲು, ಕೋಸನ್ನು ಎರಡು ಹೋಳು ಮಾಡಬೇಡಿ. ಚಾಕು ತಾಗಿದ ಕಡೆಯೇ ಮೊದಲು ಕಪ್ಪಾಗುವುದು. ಬುಡದಲ್ಲಿ ಸ್ವಲ್ಪ ಗೀರಿ, ಹೊರಗಿನಿಂದ ಒಂದೊಂದೇ ಎಲೆ ಬಿಡಿಸಿ. ಆ ದಿನಕ್ಕೆ ಐದಾರು ಎಲೆ ಸಾಕು. ಉಳಿದದ್ದು ಗುಂಡಗೇ ಇರಲಿ. ತೊಳೆಯದೆ ಕವರಿನಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ. ಎರಡು ವಾರ ಆರಾಮಾಗಿ ತಾಳುತ್ತದೆ.

ಇನ್ನು ಬೇಜಾರಿನ ಮಾತು. ನಮ್ಮ ಕಡೆ ಬಸ್ಸಾರು ಅಂತ ಮಾಡುತ್ತೇವೆ. ಒಂದೇ ಸಲ ಬೇಯಿಸಿದ್ದರಲ್ಲಿ ಸಾರೂ ಆಗುತ್ತದೆ, ಪಲ್ಯವೂ ಆಗುತ್ತದೆ. ಒಂಟಿ ಅಡುಗೆಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಒಂದು ಹಿಡಿ ತೊಗರಿಬೇಳೆಯನ್ನು ಪಾತ್ರೆಯಲ್ಲಿ, ನೀರು ಜಾಸ್ತಿ ಇಟ್ಟು ಬೇಯಿಸಿ. ಕುಕ್ಕರ್ ಬೇಡ, ಬೇಳೆ ಕರಗಿಬಿಡುತ್ತದೆ. ಹಿಸುಕಿದರೆ ಮೆತ್ತಗಿರಬೇಕು, ಆದರೆ ಬಿಡಿಬಿಡಿಯಾಗಿರಬೇಕು. ಆಗ ಹೆಚ್ಚಿದ ಕೋಸು, ಉಪ್ಪು ಹಾಕಿ. ಐದಾರು ನಿಮಿಷ ಸಾಕು. ಕಟ್ಟನ್ನು ಬೇರೆ ಪಾತ್ರೆಗೆ ಬಸಿದುಕೊಳ್ಳಿ.

ಈರುಳ್ಳಿ, ಬೆಳ್ಳುಳ್ಳಿ ಹುರಿದು, ಸ್ವಲ್ಪ ತೆಂಗಿನಕಾಯಿ, ಜೀರಿಗೆ, ಹುಣಸೆಹಣ್ಣು, ಒಂದು ಚಮಚ ಸಾರಿನ ಪುಡಿ ಸೇರಿಸಿ ರುಬ್ಬಿ. ಬೆಂದ ಕೋಸು, ಬೇಳೆಯಲ್ಲೇ ಒಂದು ಸೌಟು ಇದರ ಜೊತೆ ರುಬ್ಬುವುದನ್ನು ಮರೀಬೇಡಿ, ಸಾರು ಮಂದವಾಗುವುದೇ ಅದರಿಂದ. ಕಟ್ಟಿಗೆ ಬೆರೆಸಿ ಕುದಿಸಿ, ಒಗ್ಗರಣೆ ಕೊಡಿ. ಉಳಿದ ಕೋಸಿಗೆ ಒಣಮೆಣಸಿನಕಾಯಿ ಒಗ್ಗರಣೆ, ಕಾಯಿತುರಿ. ಪಲ್ಯ ಅವತ್ತೇ ಮುಗಿಸಿ. ಸಾರು ಮರುದಿನ ಕುದಿಸಿದರೆ ಇನ್ನೂ ರುಚಿ. ಮುದ್ದೆ ಕಟ್ಟಲು ಬರದಿದ್ದರೆ ಆ ಅಜ್ಜಿಯನ್ನೇ ಕೇಳಿ, ಖಂಡಿತ ಹೇಳಿಕೊಡುತ್ತಾರೆ.

ಕೋಸಿನ ಒಳಗಿನ ಬಿಳಿ ಎಲೆ ಸಿಹಿಯಾಗಿರುತ್ತದೆ. ಅದನ್ನು ಬೇಯಿಸುವುದೇ ಬೇಡ. ಸಣ್ಣಗೆ ಹೆಚ್ಚಿ, ನೆನೆಸಿದ ಹೆಸರುಬೇಳೆ ಹಾಕಿ ಕೋಸಂಬರಿ ಮಾಡಿ.

ಸೋರೆಕಾಯಿ ಕೋಸಿನಷ್ಟು ತಾಳುವುದಿಲ್ಲ. ಕತ್ತರಿಸಿದ ಮೇಲೆ ಮೂರ್ನಾಲ್ಕು ದಿನದಲ್ಲಿ ಮುಗಿಸಬೇಕು. ಹೆಚ್ಚುವ ಮೊದಲು ಒಂದು ಚೂರು ನಾಲಿಗೆಗೆ ಇಟ್ಟು ನೋಡಿ. ಕಹಿ ಇದ್ದರೆ ಉಗಿದು, ಇಡೀ ಕಾಯಿ ಎಸೆದುಬಿಡಿ, ಇಲ್ಲಿ ಮಾತ್ರ ಕನಿಕರ ಬೇಡ. ಕಹಿ ಸೋರೆಯಿಂದ ವಾಂತಿ, ಭೇದಿ ಆಗಿ ಜೀವಕ್ಕೇ ಅಪಾಯವಾಗಬಹುದು. ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಚೆನ್ನಾಗಿದ್ದರೆ ಅರ್ಧ ಸಾಂಬಾರಿಗೆ ಹಾಕಿ. ಇನ್ನರ್ಧ ತುರಿದು ಅಕ್ಕಿಹಿಟ್ಟಿಗೆ ಕಲಸಿ ರೊಟ್ಟಿ ತಟ್ಟಿ. ತುರಿಯೇ ನೀರು ಬಿಡುತ್ತದೆ, ನೀರು ನೋಡಿಕೊಂಡು ಹಾಕಿ. ಎಳೆಕಾಯಿಯ ಸಿಪ್ಪೆಯನ್ನು ಉದ್ದಿನಬೇಳೆ, ಹಸಿಮೆಣಸಿನಕಾಯಿ ಜೊತೆ ಹುರಿದು ಹುಣಸೆಹಣ್ಣು ಹಾಕಿ ರುಬ್ಬಿದರೆ, ಆ ರೊಟ್ಟಿಗೆ ಚಟ್ನಿಯೂ ಆಯಿತು.