ಊರಿಲ್ಲದ ದಾರಿಯಲ್ಲಿ ತಂಗುಮನೆ ಯಾಕೆ?

ಪ್ರಶ್ನೆ: ಹಳೆಯ ಇಂಗ್ಲಿಷ್ ಕಾದಂಬರಿಗಳಲ್ಲಿ ರಸ್ತೆ ಬದಿಯ 'ಇನ್' ಪದೇ ಪದೇ ಬರುತ್ತದೆ. ಎಷ್ಟೋ ಸಲ ಹತ್ತಿರದಲ್ಲಿ ಊರೇ ಇರುವುದಿಲ್ಲ. ಅಂಥ ಕಡೆ ವ್ಯಾಪಾರ ಹೇಗೆ ನಡೆಯುತ್ತಿತ್ತು? ಆಮೇಲೆ ಅವೆಲ್ಲ ಏನಾದವು?
– ಒಬ್ಬ ಓದುಗಿ

ಉತ್ತರ: ಈ ಪ್ರಶ್ನೆ ಬಂದಿದ್ದು ನನಗೆ ತುಂಬ ಖುಷಿಯಾಯ್ತು. ಇಂಗ್ಲೆಂಡಿನ ಹಳೆಯ ರಸ್ತೆಗಳ ಕತೆ ನನಗೆ ಎಷ್ಟು ಓದಿದರೂ ಸಾಲದು.

ಆ ಇನ್‌ಗಳ ಜಾಗ ಗೊತ್ತುಮಾಡಿದ್ದು ಕುದುರೆ. ಭಾರದ ಸಾರೋಟು ಎಳೆದುಕೊಂಡು ವೇಗವಾಗಿ ಓಡುವ ಕುದುರೆ ಸುಮಾರು 10 ಮೈಲಿಗೆ ಸುಸ್ತಾಗುತ್ತದೆ. ಅಲ್ಲಿ ಹೊಸ ಕುದುರೆ ಕಟ್ಟಲೇಬೇಕು. ಅಲ್ಲಿ ಊರಿಲ್ಲದಿದ್ದರೂ ಲಾಯ ಬೇಕು, ಹುಲ್ಲು ಬೇಕು, ಆಳು ಬೇಕು. ಲಾಯ ಇದ್ದ ಕಡೆ ಪ್ರಯಾಣಿಕರಿಗೆ ಊಟ, ಹಾಸಿಗೆಯೂ ಸಿಗುತ್ತಿತ್ತು.

1784ರ ಆಗಸ್ಟ್‌ನಲ್ಲಿ ಜಾನ್ ಪಾಮರ್ ಎಂಬಾತ ಬ್ರಿಸ್ಟಲ್‌ನಿಂದ ಲಂಡನ್ನಿಗೆ ಮೊದಲ ಟಪಾಲು ಸಾರೋಟು ಓಡಿಸಿದ ಮೇಲೆ ಈ ಇನ್‌ಗಳಿಗೆ ಒಳ್ಳೆಯ ಕಾಲ ಬಂತು. ಸಾರೋಟಿನ ಹಿಂದೆ ಕೋವಿ ಹಿಡಿದ ಕಾವಲುಗಾರ ಕೂತಿರುತ್ತಿದ್ದ. ದೂರದಿಂದಲೇ ಅವನು ಕಹಳೆ ಊದಿದರೆ ಸುಂಕದ ಗೇಟು ತೆರೆದುಕೊಳ್ಳಬೇಕು, ಟಪಾಲಿಗೆ ಸುಂಕವಿಲ್ಲ. ಇನ್‌ನ ಅಂಗಳದಲ್ಲಿ ಹೊಸ ಕುದುರೆಗಳು ಸಿದ್ಧವಾಗಿ ನಿಂತಿರಬೇಕು. ಬಿಚ್ಚಿ ಕಟ್ಟೋದು ಕೆಲವೇ ನಿಮಿಷಗಳ ಕೆಲಸ. ಒಳಗೆ ಬಿಸಿ ಸೂಪ್ ಬಾಯಿಗಿಡುವಷ್ಟರಲ್ಲಿ ಮತ್ತೆ ಕಹಳೆ!

ನನಗೆ ಅತಿ ಇಷ್ಟವಾದದ್ದು ವಿಂಟರ್‌ಸ್ಲೋ ಹಟ್ ಎಂಬ ಇನ್. ಸಾಲಿಸ್‌ಬರಿಯಿಂದ ಕೆಲವೇ ಮೈಲಿ, ಲಂಡನ್ ದಾರಿಯ ಬಯಲಿನಲ್ಲಿತ್ತು. 1816ರ ಅಕ್ಟೋಬರ್ 20ರ ರಾತ್ರಿ ಎಕ್ಸೆಟರ್‌ನ ಟಪಾಲು ಸಾರೋಟು ಅಲ್ಲಿಗೆ ಬರುತ್ತಿದ್ದಾಗ ಕತ್ತಲಿಂದ ಒಂದು ಪ್ರಾಣಿ ಹಾರಿ ಮುಂದಿನ ಕುದುರೆಯ ಮೇಲೆ ಬಿತ್ತು. ನೋಡಿದರೆ ಸಿಂಹಿಣಿ! ಊರೂರು ಸುತ್ತುವ ಪ್ರಾಣಿ ಪ್ರದರ್ಶನದಿಂದ ತಪ್ಪಿಸಿಕೊಂಡಿತ್ತು. ಪ್ರಯಾಣಿಕರು ಎದ್ದುಬಿದ್ದು ಇನ್‌ಗೆ ಓಡಿ ಬಾಗಿಲು ಹಾಕಿಕೊಂಡರು. ಕಾವಲುಗಾರ ಕೋವಿ ಎತ್ತಿದ. ಅಷ್ಟರಲ್ಲಿ ಪ್ರದರ್ಶನದವರು ಓಡಿಬಂದು, ಹೊಡೀಬೇಡಿ ಅಂತ ಬೇಡಿಕೊಂಡರು. ಅವರ ದೊಡ್ಡ ನಾಯಿ ಮೇಲೆ ಬಿದ್ದಾಗ ಸಿಂಹಿಣಿ ಕುದುರೆ ಬಿಟ್ಟು ಅದನ್ನು ಹಿಡಿಯಿತು, ಆಮೇಲೆ ಧಾನ್ಯದ ಕಣಜದ ಅಡಿಗೆ ನುಗ್ಗಿತು. ಪಾಲಕರು ಅಲ್ಲಿಗೇ ತೆವಳಿಕೊಂಡು ಹೋಗಿ ಅದನ್ನು ಕಟ್ಟಿ ತಂದರು. ಎಂಥ ಗುಂಡಿಗೆ ಅಲ್ವಾ? ಗಾಯಗೊಂಡ ಕುದುರೆ ಬದುಕಿತು. ಪ್ರದರ್ಶನದ ಮಾಲೀಕ ಆ ಕುದುರೆಯನ್ನೂ ಜನರಿಗೆ ತೋರಿಸಿ ದುಡ್ಡು ಮಾಡಿದ. ಆ ಮಾತು ಓದಿದಾಗ ನನಗೆ ಕುದುರೆ ಬಗ್ಗೆ ಪಾಪ ಅನ್ನಿಸಿತು.

ಆಮೇಲಿನ ವರ್ಷಗಳಲ್ಲಿ ಪ್ರಬಂಧಕಾರ ವಿಲಿಯಂ ಹ್ಯಾಜ್ಲಿಟ್ ಬರೆಯೋಕೆ ಅಂತಲೇ ಈ ಇನ್‌ಗೆ ಬಂದು ಉಳಿಯುತ್ತಿದ್ದ.

ಇನ್ನು, ಅವು ಏನಾದವು ಅಂದಿರಿ. ರೈಲು ಬಂತು, ಅಷ್ಟೇ. 1841ರಲ್ಲಿ ಲಂಡನ್–ಬ್ರಿಸ್ಟಲ್ ಹಳಿ ಪೂರ್ತಿಯಾಯಿತು. 1844ರಲ್ಲಿ ರೈಲು ಎಕ್ಸೆಟರ್ ಮುಟ್ಟಿತು. ಉಗಿಬಂಡಿಗೆ ಹುಲ್ಲು ಬೇಡ, ಲಾಯ ಬೇಡ. ದೊಡ್ಡ ಊರಿನ ಇನ್‌ಗಳು ಹೇಗೋ ಬದುಕಿದವು. ಬಯಲಿನವುಗಳಿಗೆ ಕುದುರೆ ಬಿಟ್ಟರೆ ಬೇರೆ ಆಸರೆ ಇರಲಿಲ್ಲ. ಎಷ್ಟೋ ಮುಚ್ಚಿದವು, ಕೆಲವು ಹೊಲಮನೆಗಳಾದವು. ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

ಉಳಿದದ್ದನ್ನು ನೋಡುವ ಆಸೆ ಇದ್ದರೆ ಲಂಡನ್ನಿನ ಸದರ್ಕ್‌ನಲ್ಲಿರುವ ಜಾರ್ಜ್ ಇನ್ ನೋಡಿ. ಹಳ್ಳಿಯದಲ್ಲ, ಆದರೆ ಅಂಗಳದ ಸುತ್ತ ಮರದ ಮೊಗಸಾಲೆ ಹೇಗಿರುತ್ತಿತ್ತು ಅಂತ ಅಲ್ಲಿ ಕಾಣುತ್ತದೆ. 1676ರ ಬೆಂಕಿಯ ನಂತರ ಮತ್ತೆ ಕಟ್ಟಿದ್ದು. 1889ರಲ್ಲಿ ರೈಲು ಕಂಪನಿ ತನ್ನ ಗೋದಾಮಿಗಾಗಿ ಅದರ ಎರಡು ಪಾರ್ಶ್ವಗಳನ್ನು ಕೆಡವಿತು. ಒಂದು ಪಾರ್ಶ್ವ ಇನ್ನೂ ಇದೆ. ಅದನ್ನು ಈಗ ಹಳೆಯ ಕಟ್ಟಡಗಳನ್ನು ಉಳಿಸುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಕಾಪಾಡುತ್ತಿದೆ.