ಐದು ತಿಂಗಳಾದರೂ ಗಿರಿರಾಜ ಕೋಳಿ ಮೊಟ್ಟೆ ಇಡುತ್ತಿಲ್ಲ, ಏಕೆ?

ಐದು ತಿಂಗಳಿಗೆ ಗಾಬರಿ ಬೇಡ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ತಳಿ ಸಾಮಾನ್ಯವಾಗಿ ಐದೂವರೆಯಿಂದ ಆರು ತಿಂಗಳಿಗೆ ಮೊಟ್ಟೆಗೆ ಬರುತ್ತದೆ. ನಾಟಿ ಹೇಂಟೆಗೆ ಆರೇಳು ತಿಂಗಳು ಬೇಕು. ಫಾರಂನ ಬಿಳಿ ಲೇಯರ್ (ಮೊಟ್ಟೆಗೆಂದೇ ಸಾಕುವ ಕೋಳಿ) 18–20 ವಾರಕ್ಕೇ ಶುರುಮಾಡುವುದರಿಂದ ಅದರ ಜೊತೆ ಹೋಲಿಸಬೇಡಿ.

ಹೇಂಟೆಯ ಮೈ ನೋಡಿದರೇ ಗೊತ್ತಾಗುತ್ತದೆ. ಪೇಲವವಾಗಿದ್ದ ಜುಟ್ಟು ಕೆಂಪಗೆ ತುಂಬಿಕೊಳ್ಳುತ್ತದೆ, ಬೆನ್ನ ಮೇಲೆ ಕೈಯಿಟ್ಟರೆ ರೆಕ್ಕೆ ಅರೆಬಿಚ್ಚಿ ಕುಕ್ಕರಿಸುತ್ತದೆ. ಬಾಲದ ಕೆಳಗಿನ ಎರಡು ಚೂಪು ಎಲುಬುಗಳ ನಡುವೆ ಒಂದೇ ಬೆರಳು ಹಿಡಿಸಿದರೆ ಇನ್ನೂ ಸಮಯವಿದೆ. ಎರಡು ಮೂರು ಬೆರಳು ಸಲೀಸಾಗಿ ಹಿಡಿಸಿದರೆ ಮೊಟ್ಟೆ ಹತ್ತಿರವಾಯಿತು.

ಮೊಟ್ಟೆ ಇಡುವ ಕೋಳಿಗೆ ಕೊಡುವ ಲೇಯರ್ ಫೀಡ್ ಅನ್ನು ಅವಸರದಿಂದ ಶುರುಮಾಡಲೇಬೇಡಿ. ಅದರಲ್ಲಿ ಕ್ಯಾಲ್ಸಿಯಂ ಸುಮಾರು 3.5–4%, ಎಳೆ ಕೋಳಿಯ ಮೂತ್ರಪಿಂಡ ಅದನ್ನು ತಾಳುವುದಿಲ್ಲ. ಮೊದಲ ಮೊಟ್ಟೆ ಬೀಳುವವರೆಗೆ ಬೆಳೆಯುವ ಕೋಳಿಯ ಗ್ರೋಯರ್ ಫೀಡ್ ಸಾಕು. ಆಮೇಲೆ ದಿನಕ್ಕೆ ತಲಾ 110–120 ಗ್ರಾಂ ಲೇಯರ್ ಫೀಡ್ ಕೊಟ್ಟು, ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಡಿ. ಮನೆಯ ಅನ್ನ, ರಾಗಿ ಮಾತ್ರ ತಿಂದರೆ ಪ್ರೋಟೀನ್ ಸಾಲದೆ ಮೊಟ್ಟೆ ತಡವಾಗುತ್ತದೆ.

ಇನ್ನೊಂದು ಕಾರಣ ಬೆಳಕು. ಡಿಸೆಂಬರಿನಲ್ಲಿ ಬೆಂಗಳೂರಿನ ಹಗಲು ಸುಮಾರು ಹನ್ನೊಂದೂವರೆ ಗಂಟೆಯಷ್ಟೇ. ಮೊಟ್ಟೆಗೆ 14 ಗಂಟೆ ಬೆಳಕಿದ್ದರೆ ಒಳ್ಳೆಯದು. ಬೆಳಗಿನ ಜಾವ ಗೂಡಿನಲ್ಲೊಂದು ಸಣ್ಣ ಬಲ್ಬ್ ಉರಿಸಿ. ಒಂದಡಿ ಅಗಲದ ಮಂಕರಿಗೆ ಒಣಹುಲ್ಲು ಹಾಸಿ ಕತ್ತಲ ಮೂಲೆಯಲ್ಲಿಡಿ, ಇಲ್ಲವಾದರೆ ಪೊದೆಯಲ್ಲಿ ಇಟ್ಟುಬಿಡುತ್ತವೆ. ಮೊದಮೊದಲು ಪುಟ್ಟ ಮೊಟ್ಟೆ, ಮೆತ್ತನೆ ಚಿಪ್ಪಿನ ಮೊಟ್ಟೆ ಬರುವುದು ಸಹಜ.