ಪೋಸ್ ಕೊಡ್ತೀರಾ ಅಂತ ಕೇಳೋದು ಹೇಗೆ?

ಈ ಸಲದ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ವಿಷಯದ ಸುತ್ತ ಇವೆ. ಸ್ಪರ್ಧೆಯಲ್ಲಿ ನೋಡಿದ ಬಾಡಿಬಿಲ್ಡರ್ ಹತ್ತಿರ ಹೋಗಿ, ದುಡ್ಡು ಕೊಡ್ತೀನಿ, ನನಗೋಸ್ಕರ ಬೇರೆಯಾಗಿ ಪೋಸ್ ಕೊಡ್ತೀರಾ ಅಂತ ಕೇಳಬಹುದಾ? ಕೇಳಿಸಿಕೊಂಡವರು ಏನು ಹೇಳಬೇಕು? ನಾನು ಹನ್ನೆರಡು ವರ್ಷ ಸ್ಟೇಜ್ ಹತ್ತಿದವನು. ಈಗ ಹುಡುಗರಿಗೆ ಪೋಸಿಂಗ್ ಹೇಳಿಕೊಡುತ್ತೇನೆ. ಹಾಗಾಗಿ ಎರಡೂ ಕಡೆಯ ಕಷ್ಟ ನನಗೆ ಗೊತ್ತು.

ಪ್ರಶ್ನೆ: ಮೈಸೂರಿನಲ್ಲಿ ಶಿಲ್ಪಕಲೆ ಓದುತ್ತಿದ್ದೇನೆ. ದಸರಾ ಸಮಯದ ದೇಹದಾರ್ಢ್ಯ ಸ್ಪರ್ಧೆಯಲ್ಲಿ ಒಬ್ಬರ ಬೆನ್ನು ನೋಡಿ ಬೆರಗಾಗಿಬಿಟ್ಟೆ. ಅದನ್ನು ಮಣ್ಣಿನಲ್ಲಿ ಮಾಡಬೇಕು ಅಂತ ಆಸೆ. ಸ್ಪರ್ಧೆ ನಡೆಯುವ ಜಾಗದಲ್ಲೇ ಹೋಗಿ ಕೇಳಬಹುದಾ ಸರ್? ಎಷ್ಟು ದುಡ್ಡು ಕೊಡಬೇಕು?

ಖಂಡಿತ ಕೇಳಬಹುದು. ಶಿಲ್ಪಿಗಳಿಗೂ ಬಾಡಿಬಿಲ್ಡರ್‌ಗಳಿಗೂ ನಂಟು ಇವತ್ತಿನದಲ್ಲ. 1901ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಾಡಿಬಿಲ್ಡಿಂಗ್‌ನ ಪಿತಾಮಹ ಅನ್ನಿಸಿಕೊಂಡ ಯೂಜೆನ್ ಸ್ಯಾಂಡೋ ದೊಡ್ಡ ದೇಹದಾರ್ಢ್ಯ ಸ್ಪರ್ಧೆ ನಡೆಸಿದಾಗ ತೀರ್ಪುಗಾರರ ಸಾಲಿನಲ್ಲಿ ಚಾರ್ಲ್ಸ್ ಲಾಸ್ ಅನ್ನೋ ಶಿಲ್ಪಿ ಕೂತಿದ್ದರು. ಬಾಡಿಬಿಲ್ಡಿಂಗ್‌ನ ಅತಿ ದೊಡ್ಡ ಸ್ಪರ್ಧೆಯಾದ ಮಿಸ್ಟರ್ ಒಲಿಂಪಿಯಾ ಗೆದ್ದವರಿಗೆ ಕೊಡುವ ಟ್ರೋಫಿ ಕೂಡ ಸ್ಯಾಂಡೋ ಪ್ರತಿಮೆಯೇ. 1976ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನವರು ಅರ್ನಾಲ್ಡ್ ಶ್ವಾರ್ಜ್‌ನೆಗರ್, ಫ್ರಾಂಕ್ ಜೇನ್, ಎಡ್ ಕಾರ್ನಿ ಮೂವರು ಬಾಡಿಬಿಲ್ಡರ್‌ಗಳನ್ನೂ ತಿರುಗುವ ವೇದಿಕೆ ಮೇಲೆ ನಿಲ್ಲಿಸಿ, ಮೈಯನ್ನು ಕಲೆ ಅಂತಲೇ ಜನಕ್ಕೆ ತೋರಿಸಿದರು. ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಲ್ಲೇ ವ್ಯಾಯಾಮಶಾಲೆ ನಡೆಸುತ್ತಿದ್ದ ಕೆ.ವಿ. ಅಯ್ಯರ್ ಅವರ ಹಳೇ ಫೋಟೋಗಳನ್ನು ನೋಡಿ. ಗ್ರೀಕ್ ಶಿಲ್ಪದ ಹಾಗೆ ನಿಂತಿದ್ದಾರೆ. ಆಮೇಲೆ ಕನ್ನಡದಲ್ಲಿ ಕಾದಂಬರಿ ಬರೆದವರೂ ಅವರೇ. ಆದ್ದರಿಂದ ಸಂಕೋಚ ಬೇಡ. ಆದರೆ ಯಾವ ಹೊತ್ತಿನಲ್ಲಿ ಕೇಳ್ತೀರಿ ಅನ್ನೋದು ತುಂಬಾ ಮುಖ್ಯ.

ಒಂದು ಜಿಲ್ಲಾ ಮಟ್ಟದ ಸ್ಪರ್ಧೆಯಲ್ಲಿ ನಾನು ನನ್ನ ಶಿಷ್ಯನ ಜೊತೆ ಸ್ಟೇಜ್ ಹಿಂದೆ ಇದ್ದೆ. 70 ಕೆಜಿ ವಿಭಾಗ. ಇನ್ನೇನು ಹೆಸರು ಕೂಗಬೇಕು, ಅವನು ಸ್ನಾಯು ಉಬ್ಬಲಿ ಅಂತ ರಬ್ಬರ್ ಬ್ಯಾಂಡ್ ಎಳೆದು ಪಂಪ್ ಮಾಡಿಕೊಳ್ಳುತ್ತಿದ್ದ. ಬೆಳಗ್ಗೆಯಿಂದ ಎರಡು ಗುಟುಕು ನೀರು ಬಿಟ್ಟರೆ ಏನೂ ಕುಡಿದಿರಲಿಲ್ಲ (ಹಾಗೆ ನೀರು ಬಿಡಬಾರದು ಅಂತ ನಾನು ಹೇಳುತ್ತಲೇ ಇರುತ್ತೇನೆ, ಹುಡುಗರು ಕೇಳೋದಿಲ್ಲ). ಆಗ ಒಬ್ಬರು ಒಳಗೆ ಬಂದು, ತುಂಬಾ ಪ್ರೀತಿಯಿಂದಲೇ, ಅವನ ಭುಜದ ಮೇಲೆ ಕೈ ಇಟ್ಟು "ಒಂದು ಫೋಟೋ ಸೆಷನ್ ಇದೆ, ಮಾಡ್ತೀರಾ" ಅಂತ ಕಾರ್ಡ್ ಕೊಟ್ಟರು. ಕೈ ತೆಗೆದಾಗ ಭುಜದ ಮೇಲೆ ನಾಲ್ಕು ಬೆರಳಿನ ಬಿಳಿ ಗುರುತು. ಸ್ಟೇಜ್ ಮೇಲೆ ಮೈ ಕಪ್ಪಗೆ ಕಾಣಲಿ ಅಂತ ಹಿಂದಿನ ರಾತ್ರಿಯಿಂದ ಮೂರು ಸಲ ಹಚ್ಚಿದ ಕಲರ್ ಅವರ ಅಂಗೈಗೆ ಬಂದುಬಿಟ್ಟಿತ್ತು. ನಾನು ಸ್ಪಂಜ್ ಹುಡುಕುವಷ್ಟರಲ್ಲಿ ಅವನ ನಂಬರ್ ಕರೆದರು. ಆ ಕಲೆ ಹೊತ್ತುಕೊಂಡೇ ಸ್ಟೇಜ್ ಹತ್ತಿದ. ಆ ಕಾರ್ಡ್ ಏನಾಯಿತು ಅಂತ ಅವನಿಗೂ ಗೊತ್ತಿಲ್ಲ. ಅವನು ಹಾಕಿದ್ದು ಬರೀ ಟ್ರಂಕ್, ಅಂದರೆ ಚಿಕ್ಕ ಚಡ್ಡಿ. ಕಾರ್ಡ್ ಇಟ್ಟುಕೊಳ್ಳೋದಕ್ಕೆ ಜೇಬು ಎಲ್ಲಿರುತ್ತೆ?

ಆದ್ದರಿಂದ ಸ್ಟೇಜ್ ಹಿಂದೆ ಹೋಗಬೇಡಿ. ಬಹುಮಾನ ಕೊಟ್ಟು ಮುಗಿದ ಮೇಲೆ, ಅವರು ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಹೊರಗೆ ಬಂದು ಏನಾದರೂ ತಿಂದ ಮೇಲೆ, ಎರಡೇ ಮಾತು ಸಾಕು: "ನಿಮ್ಮ ಬೆನ್ನಿನ ಪೋಸ್ ತುಂಬಾ ಚೆನ್ನಾಗಿತ್ತು. ನಾನು ಶಿಲ್ಪಕಲೆ ವಿದ್ಯಾರ್ಥಿ, ದುಡ್ಡು ಕೊಟ್ಟು ನಿಮ್ಮನ್ನು ಮಾಡೆಲ್ ಆಗಿ ಕರೆಯಬೇಕು ಅಂತಿದ್ದೀನಿ, ನಾಳೆ ನಾಡಿದ್ದು ಫೋನ್ ಮಾಡಲಾ?" ಸೋತವರಾಗಿದ್ದರೆ ಅವತ್ತು ಅದನ್ನೂ ಹೇಳಬೇಡಿ. ಅವರ ಕೋಚ್ ಹತ್ತಿರ ನಂಬರ್ ಕೊಟ್ಟು ಬನ್ನಿ. ಕೋಚ್ ಮೂಲಕ ಹೋದರೆ ಹುಡುಗರಿಗೂ ಧೈರ್ಯ.

ಇನ್ನೊಂದು ವಿಷಯ, ಶಿಲ್ಪಿಗಳಿಗೆ ಬೇಗ ಹೊಳೆಯದೇ ಇರೋದು. ನಿಮ್ಮ ಕಾಲೇಜಿನ ಮಾಡೆಲ್ ಒಂದೇ ಭಂಗಿಯಲ್ಲಿ ಇಪ್ಪತ್ತು ನಿಮಿಷ ಕೂರಬಹುದು. ಬಾಡಿಬಿಲ್ಡಿಂಗ್ ಪೋಸ್ ಹಾಗಲ್ಲ. ಬೆನ್ನು ತೋರಿಸಿ ಎರಡೂ ತೋಳು ಮಡಚಿ ಎತ್ತೋ ಬ್ಯಾಕ್ ಡಬಲ್ ಬೈಸೆಪ್ಸ್ ಅಂದರೆ ಹಿಂಗಾಲಿನ ಮೀನಖಂಡದಿಂದ ಹಿಡಿದು ಕತ್ತಿನವರೆಗೆ ಎಲ್ಲ ಒಟ್ಟಿಗೆ ಬಿಗಿ ಹಿಡಿಯಬೇಕು. ಹದಿನೈದು, ಇಪ್ಪತ್ತು ಸೆಕೆಂಡಿಗೆ ತೊಡೆ ನಡುಗೋಕೆ ಶುರುವಾಗುತ್ತೆ, ಉಸಿರು ಕಟ್ಟುತ್ತೆ, ಜಾಸ್ತಿ ಎಳೆದರೆ ಕಾಲು ಹಿಡಿದುಕೊಳ್ಳುತ್ತೆ. ಹಾಗಾಗಿ ಬಿಗಿ ಹಿಡಿದ ಪೋಸನ್ನು ಚಿಕ್ಕ ಚಿಕ್ಕದಾಗಿ ಕೇಳಿ, ನಡುವೆ ಒಂದೆರಡು ನಿಮಿಷ ಬಿಡುವು ಕೊಡಿ, ಅವರು ಒಪ್ಪಿದರೆ ಸುತ್ತಲೂ ಫೋಟೋ ತೆಗೆದಿಟ್ಟುಕೊಳ್ಳಿ. ಮಣ್ಣಿನ ಕೆಲಸಕ್ಕೆ ಸುಮ್ನೆ ಸಡಿಲವಾಗಿ ನಿಂತ ಭಂಗಿಯೇ ಅನುಕೂಲ. ಕಟಿಂಗ್ಸ್, ಅಂದರೆ ಸ್ನಾಯುಗಳ ನಡುವಿನ ಗೆರೆಗಳು, ಎದ್ದು ಕಾಣಬೇಕು ಅಂದರೆ ಸ್ಪರ್ಧೆಯ ಮರುದಿನವೇ ಗೊತ್ತುಮಾಡಿಕೊಳ್ಳಿ, ಯಾಕಂದರೆ ಉಪ್ಪು, ಅನ್ನ, ನೀರು ಒಳಗೆ ಹೋದ ಮೇಲೆ ಕೆಲವೇ ದಿನದಲ್ಲಿ ಆ ಗೆರೆಗಳು ಮುಚ್ಚಿಹೋಗುತ್ತವೆ, ಕೆಲವರಿಗಂತೂ ಪಾದವೇ ಊದಿಕೊಳ್ಳುತ್ತೆ. ತುಂಬಿದ ಗಾತ್ರ ಬೇಕು ಅಂದರೆ ಆಫ್ ಸೀಸನ್‌ನಲ್ಲಿ ಕರೆಯಿರಿ. ಕಲರ್ ಇನ್ನೂ ಮೈಮೇಲಿದ್ದರೆ ಕುರ್ಚಿಗೆ ಹಳೇ ಬೆಡ್‌ಶೀಟ್ ಹಾಸಿ. ಅದು ಬಿಡೋ ಕಲೆ ಅಲ್ಲ.

ದುಡ್ಡಿನ ಲೆಕ್ಕಕ್ಕೆ ನನ್ನದೊಂದು ಅಳತೆ ಇದೆ. ಅವರು ಜಿಮ್‌ನಲ್ಲಿ ಪರ್ಸನಲ್ ಟ್ರೈನಿಂಗ್‌ಗೆ ಗಂಟೆಗೆ ಎಷ್ಟು ತೆಗೆದುಕೊಳ್ಳುತ್ತಾರೋ ಅದಕ್ಕಿಂತ ಒಂದು ರೂಪಾಯಿನೂ ಕಡಿಮೆ ಕೊಡಬೇಡಿ. ಬರೋ ಹೋಗೋ ಖರ್ಚು ಬೇರೆ, ಊಟ ಬೇರೆ. ಅರ್ಧ ಮೊದಲೇ ಕೊಡಿ. ವಿದ್ಯಾರ್ಥಿಗೆ ಅಷ್ಟು ಕಷ್ಟ ಅಂದರೆ ನಾಲ್ಕು ಜನ ಸಹಪಾಠಿಗಳು ಸೇರಿ ಕರೆಸಿ, ಆದರೆ ನಾಲ್ಕು ಜನ ಇರುತ್ತೀರಿ ಅಂತ ಅವರಿಗೆ ಮುಂಚೆನೇ ಹೇಳಿ. "ನಿಮಗೂ ಹೆಸರು ಬರುತ್ತೆ" ಅನ್ನೋ ಮಾತನ್ನು ದಯವಿಟ್ಟು ಆಡಬೇಡಿ. ಒಂದು ಸ್ಪರ್ಧೆಯ ತಯಾರಿಗೆ ಮೊಟ್ಟೆ, ಕೋಳಿ, ಪ್ರೋಟೀನ್ ಪೌಡರ್ ಅಂತ ಆ ಹುಡುಗ ಸಾಲ ಮಾಡಿರುತ್ತಾನೆ. ಅಂಗಡಿಯವನು ಹೆಸರು ನೋಡಿ ಮೊಟ್ಟೆ ಕೊಡಲ್ಲ.

ಪ್ರಶ್ನೆ: ನಾನು ಕಲಾವಿದನಲ್ಲ, ಫೋಟೋಗ್ರಾಫರೂ ಅಲ್ಲ. ಒಳ್ಳೆ ಮೈಕಟ್ಟನ್ನು ಹತ್ತಿರದಿಂದ ನೋಡೋದು ಇಷ್ಟ, ಅಷ್ಟೇ. ದುಡ್ಡು ಕೊಟ್ಟು ಒಬ್ಬರಿಂದ ಪೋಸ್ ಮಾಡಿಸಿ ನೋಡಬೇಕು ಅಂತ ಬಹಳ ದಿನದ ಆಸೆ. ಫೋಟೋಗ್ರಾಫರ್ ಅಂತ ಹೇಳಿ ಕೇಳು ಅಂತಾನೆ ಗೆಳೆಯ. ಕೇಳೋದೇ ತಪ್ಪಾ? (ಹುಬ್ಬಳ್ಳಿ)

ಕೇಳೋದು ತಪ್ಪಲ್ಲ. ಸುಳ್ಳು ಹೇಳಿ ಕೇಳೋದು ತಪ್ಪು. ನಿಮ್ಮ ಗೆಳೆಯರ ಸಲಹೆ ಬಿಟ್ಟುಬಿಡಿ.

ಮೈ ತೋರಿಸೋದೇ ಆ ಆಟ. ಜನ ನೋಡಲಿ ಅಂತಲೇ ನಾವು ವರ್ಷಗಟ್ಟಲೆ ಉಪ್ಪಿಲ್ಲದ ಸಪ್ಪೆ ಊಟ ತಿಂದು ಮೈ ಕಟ್ಟುತ್ತೇವೆ. ಯಾರಾದರೂ ಮೆಚ್ಚಿಕೊಂಡರೆ ಖುಷಿಯೇ ಆಗುತ್ತೆ, ಅದರಲ್ಲಿ ಮುಚ್ಚಿಡೋದು ಏನಿದೆ? ಆದರೆ ಸಾವಿರ ಜನರ ಮುಂದೆ ತೋರಿಸೋದು ಬೇರೆ, ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬರ ಮುಂದೆ ತೋರಿಸೋದು ಬೇರೆ. ಆ ಎರಡನೆಯದಕ್ಕೆ ಒಪ್ಪೋದು ಬಿಡೋದು ಪೂರ್ತಿ ಅವರಿಗೆ ಸೇರಿದ್ದು, ಅವರು ಒಪ್ಪಬೇಕಾದರೆ ವಿಷಯ ಏನು ಅಂತ ಪೂರ್ತಿ ಗೊತ್ತಿರಬೇಕು. ಕ್ಯಾಮೆರಾ ಹಿಡಿದುಕೊಂಡು ಹೋಗಿ ಅರ್ಧ ಗಂಟೆಯಾದ ಮೇಲೆ ನಿಜ ಹೊರಬಂದರೆ ಆ ಹುಡುಗನಿಗೆ ಭಯ ಆಗುತ್ತೆ. ಆ ಭಯ ಅವನು ಮುಂದೆ ಯಾರನ್ನೂ ನಂಬದ ಹಾಗೆ ಮಾಡುತ್ತೆ.

ನೇರವಾಗಿ ಹೇಳಿ: ನಾನು ಅಭಿಮಾನಿ, ಅರ್ಧ ಗಂಟೆ ನಿಮ್ಮ ಪೋಸಿಂಗ್ ನೋಡಬೇಕು, ಮುಟ್ಟೋದಿಲ್ಲ, ರೆಕಾರ್ಡ್ ಮಾಡೋದಿಲ್ಲ, ಇಷ್ಟು ಕೊಡ್ತೀನಿ, ಜಾಗ ನೀವೇ ಹೇಳಿ. ಅವರ ಜಿಮ್‌ನಲ್ಲೇ ಮಧ್ಯಾಹ್ನ ಜನ ಕಡಿಮೆ ಇರುವ ಹೊತ್ತು ಒಳ್ಳೆಯದು. ಬೇಡ ಅಂದರೆ ಥ್ಯಾಂಕ್ಸ್ ಹೇಳಿ ಹೊರಡಿ, ದುಡ್ಡು ಜಾಸ್ತಿ ಮಾಡಿ ಮತ್ತೆ ಕೇಳಬೇಡಿ. ಹುಡುಗ ಹದಿನೆಂಟು ದಾಟಿಲ್ಲ ಅಂತ ಸಣ್ಣ ಅನುಮಾನ ಬಂದರೂ ಆ ವಿಚಾರ ಅಲ್ಲಿಗೇ ಬಿಡಿ. ಜೂನಿಯರ್ ವಿಭಾಗದ ಹುಡುಗರು ಮೈಯಲ್ಲಿ ದೊಡ್ಡವರ ಹಾಗೆ ಕಂಡರೂ ವಯಸ್ಸಿನಲ್ಲಿ ಮಕ್ಕಳೇ ಇರಬಹುದು.

ಪ್ರಶ್ನೆ: ಸರ್, ನನಗೆ 22 ವರ್ಷ, ದಾವಣಗೆರೆ. ಈ ವರ್ಷ ಬೆಸ್ಟ್ ಪೋಸರ್ ಬಹುಮಾನ ಬಂತು. ಅವತ್ತೇ ಒಬ್ಬರು ನಂಬರ್ ತಗೊಂಡು, ಈಗ "ಬೆಂಗಳೂರಿಗೆ ಬಾ, ಹೋಟೆಲ್ ರೂಮಲ್ಲಿ ಪ್ರೈವೇಟ್ ಪೋಸಿಂಗ್, ಒಂದು ಗಂಟೆಗೆ ಹತ್ತು ಸಾವಿರ" ಅಂತಿದ್ದಾರೆ. ಜಿಮ್ ಫೀಸೇ ಮೂರು ತಿಂಗಳಿಂದ ಬಾಕಿ ಇದೆ. ಹೋಗಲಾ?

ತಮ್ಮಾ, ಮೊದಲು ಬೆಸ್ಟ್ ಪೋಸರ್‌ಗೆ ಅಭಿನಂದನೆ. ನನ್ನ ಮಟ್ಟಿಗೆ ಎಲ್ಲ ತೂಕದ ವಿಭಾಗಗಳನ್ನೂ ಮೀರಿ ಗೆಲ್ಲೋ ಓವರಾಲ್ ಟೈಟಲ್‌ನಷ್ಟೇ ದೊಡ್ಡದು ಅದು.

ಹತ್ತು ಸಾವಿರ ಅಂದಾಗ ನಿನ್ನ ಮನಸ್ಸು ಓಡೋದು ನನಗೆ ಅರ್ಥ ಆಗುತ್ತೆ. ನನಗೆ 24 ಇದ್ದಾಗ ಒಬ್ಬರು ಕ್ಯಾಲೆಂಡರ್‌ಗೆ ಅಂತ ಕರೆದರು. ಎರಡು ಸಾವಿರ ಕೊಟ್ಟರು. ನಾನು ಒಂದು ಅಕ್ಷರ ಬರೆಸಿಕೊಳ್ಳಲಿಲ್ಲ, ಕೇಳೋಕೆ ನಾಚಿಕೆ. ಎಂಟು ತಿಂಗಳಾದ ಮೇಲೆ ಇನ್ನೊಂದು ಊರಿನ ಪೌಡರ್ ಅಂಗಡಿ ಬಾಗಿಲಲ್ಲಿ ನನ್ನ ಎದೆ, ನನ್ನ ಹೊಟ್ಟೆ, ಮೇಲೆ ಯಾವುದೋ ಡಬ್ಬಿಯ ಹೆಸರು. ತಲೆ ಮಾತ್ರ ಕತ್ತರಿಸಿದ್ದರು. ಎದೆಯ ಎಡಗಡೆಯ ಮಚ್ಚೆಯಿಂದ ನನಗೆ ಗೊತ್ತಾಯಿತು. ನಾನು ಆ ಪೌಡರ್ ಜನ್ಮದಲ್ಲಿ ಮುಟ್ಟಿದವನಲ್ಲ. ಯಾರನ್ನು ಕೇಳೋದು, ಕೈಯಲ್ಲಿ ಏನಿತ್ತು?

ಅದಕ್ಕೇ ಹೇಳ್ತಿದೀನಿ, ಹೋಗೋ ಮುಂಚೆ ಅವರನ್ನು ಮೆಸೇಜಲ್ಲೇ ಕೇಳು, ಫೋನಲ್ಲಿ ಬೇಡ, ಬರವಣಿಗೆಯಲ್ಲಿ ಇರಲಿ. ಯಾಕೆ ಬೇಕು? ರೂಮಲ್ಲಿ ಯಾರ್ಯಾರು ಇರ್ತಾರೆ? ಏನು ಹಾಕಿಕೊಂಡಿರಬೇಕು? ಮುಟ್ಟೋದು ಇದೆಯಾ? ಫೋಟೋ, ವಿಡಿಯೋ ತೆಗೀತಾರಾ, ತೆಗೆದರೆ ಎಲ್ಲಿ ಹಾಕ್ತಾರೆ? ನಮ್ಮ ಕಾಪಿರೈಟ್ ಕಾನೂನಿನ ಪ್ರಕಾರ ಫೋಟೋದ ಹಕ್ಕು ಸಾಮಾನ್ಯವಾಗಿ ತೆಗೆದವರದ್ದು, ಇಲ್ಲವೇ ದುಡ್ಡು ಕೊಟ್ಟು ತೆಗೆಸಿದವರದ್ದು. ನಿಂತವನದ್ದಲ್ಲ. ಹಾಗಾಗಿ ಎಲ್ಲಿ ಬಳಸಬಹುದು, ಎಲ್ಲಿ ಬಳಸಬಾರದು ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಉತ್ತರ ಸರಿಯಾಗಿ ಕೊಡುವವರಾದರೆ ಇಷ್ಟಕ್ಕೆ ಬೇಜಾರು ಮಾಡಿಕೊಳ್ಳಲ್ಲ. "ಬಾ ಮಾರಾಯಾ, ಬಂದ ಮೇಲೆ ಮಾತಾಡೋಣ" ಅಂದರೆ ಅಲ್ಲಿಗೆ ಮುಗೀತು, ಹೋಗಬೇಡ.

ಎಲ್ಲ ಸರಿ ಅನ್ನಿಸಿದರೂ ಹೋಟೆಲ್ ರೂಮ್ ಬೇಡ. ಜಿಮ್ ಅಥವಾ ಸ್ಟುಡಿಯೋ ಅನ್ನು. ಜೊತೆಗೆ ಒಬ್ಬ ಗೆಳೆಯ ಬರಲಿ, ಒಳಗಲ್ಲದಿದ್ದರೆ ಬಾಗಿಲ ಹೊರಗಾದರೂ ಕೂರಲಿ. ಅರ್ಧ ದುಡ್ಡು ಮೊದಲೇ ಖಾತೆಗೆ ಬರಲಿ. "ರಿಜಿಸ್ಟ್ರೇಷನ್‌ಗೆ ನೀನೇ ಸ್ವಲ್ಪ ಕಳಿಸು" ಅಂತ ಅವರೇ ನಿನ್ನಿಂದ ದುಡ್ಡು ಕೇಳಿದರೆ ಅದು ಮೋಸ. ಕೊಟ್ಟುಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಒಪ್ಪಿಗೆಯಿಲ್ಲದೆ ಗುಪ್ತ ಅಂಗದ ಚಿತ್ರ ತೆಗೆಯೋದು, ಹಂಚೋದು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಇ ಸೆಕ್ಷನ್ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಜೈಲು ಇದೆ. ಗಂಡಸಿನ ಮೈಗೂ ಅದು ಅನ್ವಯ ಆಗುತ್ತೆ. ನಮ್ಮ ಹುಡುಗರು ಮರ್ಯಾದೆಗೆ ಹೆದರಿ ಬಾಯಿ ಮುಚ್ಚಿಕೊಂಡಿರುತ್ತಾರೆ. ನೀನು ಹಾಗೆ ಇರಬೇಡ.

ಬಾಕಿ ಫೀಸಿನ ವಿಷಯ ನಿನ್ನ ಜಿಮ್ ಯಜಮಾನರ ಹತ್ತಿರ ಬಾಯಿಬಿಟ್ಟು ಹೇಳು. ಬೆಸ್ಟ್ ಪೋಸರ್ ಆಗಿದ್ದೀಯ, ಸಂಜೆ ಅಲ್ಲೇ ನಾಲ್ಕು ಹುಡುಗರಿಗೆ ಪೋಸಿಂಗ್ ಹೇಳಿಕೊಟ್ಟು ತೀರಿಸ್ತೀನಿ ಅನ್ನು. ನಾನು ಹಾಗೇ ತೀರಿಸಿದ್ದು.

ಪ್ರಶ್ನೆ: ನಾನು ದೇಹದಾರ್ಢ್ಯದ ಮಹಿಳಾ ವಿಭಾಗಗಳಲ್ಲೊಂದಾದ ವುಮೆನ್ಸ್ ಫಿಸಿಕ್‌ನಲ್ಲಿ ಸ್ಪರ್ಧಿಸುತ್ತೇನೆ. ಪ್ರತಿ ಸ್ಪರ್ಧೆ ಆದ ಮೇಲೆ ಇನ್‌ಸ್ಟಾಗ್ರಾಂನಲ್ಲಿ "ಪೇಡ್ ಪೋಸಿಂಗ್ ಮಾಡ್ತೀರಾ" ಅಂತ ಹತ್ತಾರು ಮೆಸೇಜ್. ಒಂದೆರಡು ನಿಜವಾದ ಕೆಲಸವೂ ಇರಬಹುದು ಅನ್ನಿಸುತ್ತೆ. ಹೇಗೆ ಬೇರ್ಪಡಿಸಲಿ? (ಮಂಗಳೂರು)

ತಂಗಿ, ಎಲ್ಲರಿಗೂ ಒಂದೇ ಉತ್ತರ ಬರೆದಿಟ್ಟುಕೊಳ್ಳಿ: ಇಂಥ ಜಾಗ, ಇಂಥ ಬಟ್ಟೆ, ಗಂಟೆಗೆ ಇಷ್ಟು, ನನ್ನ ಕಡೆಯವರೊಬ್ಬರು ಜೊತೆಗಿರುತ್ತಾರೆ, ನಿಮ್ಮ ಹಿಂದಿನ ಕೆಲಸ ತೋರಿಸಿ. ಇದನ್ನು ಕಳಿಸಿದ ಮೇಲೆ ಹತ್ತರಲ್ಲಿ ಎಂಟು ಜನ ತಾವಾಗೇ ಮಾಯ ಆಗುತ್ತಾರೆ. ಉಳಿದವರ ಹತ್ತಿರ ಮಾತಾಡಿ. ಕೆಟ್ಟದಾಗಿ ಬರೆದವರಿಗೆ ಉತ್ತರ ಕೊಡಬೇಡಿ, ಆದರೆ ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದಿಟ್ಟು ಬ್ಲಾಕ್ ಮಾಡಿ. ಮುಂದೆ ದೂರು ಕೊಡಬೇಕಾಗಿ ಬಂದರೆ ಬೇಕಾಗುತ್ತೆ.

ಪ್ರಶ್ನೆ: ಮುಂದಿನ ವರ್ಷ ಮೊದಲ ಸಲ ಸ್ಟೇಜ್ ಹತ್ತಬೇಕು ಅಂತಿದ್ದೇನೆ. ನಮ್ಮ ಜಿಲ್ಲೆಯ ಚಾಂಪಿಯನ್ ಹತ್ತಿರ ದುಡ್ಡು ಕೊಟ್ಟು ಪೋಸಿಂಗ್ ಕಲಿಯೋಣ ಅಂತ. ಅವರು ಒಪ್ಪುತ್ತಾರಾ, ಏನು ಹೇಳಿಕೊಡುತ್ತಾರೆ?

ತುಂಬಾ ಜನ ಒಪ್ಪುತ್ತಾರೆ, ಅದೂ ಸೀಸನ್ ಮುಗಿದ ಮೇಲೆ ಕೇಳಿದರೆ. ಸ್ಪರ್ಧೆಯ ದಿನ ಬರೀ ನಮಸ್ಕಾರ ಹೇಳಿ, ವಾರ ಬಿಟ್ಟು ಅವರ ಜಿಮ್‌ಗೆ ಹೋಗಿ. ಏಳು ಕಡ್ಡಾಯ ಪೋಸ್, ಆಮೇಲೆ ಹಾಡಿಗೆ ಒಂದು ನಿಮಿಷದ ರೂಟೀನ್, ಇದಿಷ್ಟು ಮೈಗೆ ಕೂರೋಕೆ ವಾರಕ್ಕೆ ಎರಡು ದಿನದಂತೆ ಮೂರ್ನಾಲ್ಕು ತಿಂಗಳು ಬೇಕು. ಮೊದಲ ದಿನವೇ ಕೈ ಎತ್ತಿಸೋರ ಹತ್ತಿರ ಕಲಿಯಬೇಡಿ. ನಾನು ಹೊಸಬರನ್ನು ಕನ್ನಡಿಗೆ ಬೆನ್ನು ಮಾಡಿ ನಿಲ್ಲಿಸಿ ಪಾದದಿಂದ ಶುರುಮಾಡುತ್ತೇನೆ: ಹೆಬ್ಬೆರಳು ನೆಲಕ್ಕೆ ಊರು, ಹಿಮ್ಮಡಿ ಎತ್ತು, ಮೀನಖಂಡ ಬಿಗಿ, ಈಗ ತೊಡೆ, ಈಗ ಸೊಂಟ. ಬೆನ್ನಿನ ಹತ್ತಿರ ಬರೋ ಹೊತ್ತಿಗೆ ಹುಡುಗ ಬೆವತು ತೊಯ್ದಿರುತ್ತಾನೆ, ಇನ್ನೂ ಒಂದು ಪೋಸೂ ಮುಗಿದಿರಲ್ಲ. ಒಂದು ಟವೆಲ್ ಜಾಸ್ತಿ ತಗೊಂಡು ಹೋಗಿ.